ಮೂರು ಗೆರೆ ಕಿತ್ತಾಕಿ ಬೆಲ್ಲ ಮಾರಿದ ಕತೆ

ಮೊದಲೇ ಹೇಳ್ಬಿಡ್ತೀನಿ, ಸಿಎಸ್‌ಎಸ್ ಅಂದ್ರೇನು ಹೋಸ್ಟಿಂಗ್ ಅಂದ್ರೇನು ಅಂತ ಇಲ್ಲಿ ಪಾಠ ಇಲ್ಲ, ಅದು ಗೊತ್ತಿರೋರಿಗೇ ಬರೀತಿರೋದು. ಮೈಸೂರಲ್ಲಿ ಕೂತು ಹನ್ನೊಂದು ಹನ್ನೆರಡು ವರ್ಷದಿಂದ ವೆಬ್ ಡಿಸೈನ್ ಮಾಡ್ತಿದೀನಿ, ಬೆಂಗಳೂರಿಗೆ ಹೋಗಲಿಲ್ಲ, ಹೋಗಿದ್ರೆ ಇಷ್ಟೊತ್ತಿಗೆ ಒಂದು ಸೈಟು (ಜಮೀನಿನ ಸೈಟು) ತಗೋತಿದ್ದೆ ಅಂತ ಮನೇಲಿ ದಿನಾ ಕೇಳ್ತೀನಿ. ಎರಡು ವರ್ಷದ ಹಿಂದೆ ನಮ್ ಲೈನಿನ ನಾಲ್ಕೈದು ಜನ ಟೀ ಕುಡೀತಾ ನಿಂತಿದ್ದಾಗ ನಾನು ಬಾಯ್ಬಿಟ್ಟೆ: ಬರೀ ಕನ್ನಡದಲ್ಲಿ ಒಂದೇ ಪೇಜಿನ ಸೈಟ್ ಮಾಡ್ತೀನಿ, ಮೆನು ಇಲ್ಲ, ಸ್ಲೈಡರ್ (ತಾನೇ ಸರಿಯೋ ಫೋಟೋ ಸಾಲು) ಇಲ್ಲ, ಫೋಟೋ ಸೇರಿ ನೂರು ಕೆಬಿ ದಾಟಲ್ಲ ಅಂತ. ನಕ್ಕಿದ್ದೇ ನಕ್ಕಿದ್ದು. ಒಬ್ಬ "ಅದು ಸೈಟಲ್ಲ ಕಣೋ, ಕರಪತ್ರ" ಅಂದ. ಸರಿಯಾಗೇ ಹೇಳಿದ್ದ. ಆ ಕರಪತ್ರ ಹೋದ ಸೀಸನ್ನಲ್ಲಿ ಬೆಲ್ಲ ಮಾರ್ತು, ಅವನ ಸೈಟುಗಳು ಏನ್ ಮಾರಿದ್ವು ಅಂತ ನಾನು ಕೇಳಕ್ಕೆ ಹೋಗಿಲ್ಲ.

ಪಾರ್ಟಿ ಯಾರು ಅಂದ್ರೆ ಪಾಂಡವಪುರದ ಕಡೆ ಆಲೆಮನೆ ಇಟ್ಟಿರೋ ಒಬ್ಬ ಗೌಡ್ರು. ಹೈಡ್ರೋಸ್ (ಬೆಲ್ಲ ಹಳದಿಯಾಗಲಿ ಅಂತ ಹಾಕೋ ಕೆಮಿಕಲ್ಲು) ಹಾಕದೆ ಬೆಲ್ಲ ಮಾಡ್ತಾರೆ, ಮಂಡಿಗೆ ಹಾಕಿದ್ರೆ ಕೆಜಿಗೆ ನಲವತ್ತರ ಆಸುಪಾಸು, ನೇರವಾಗಿ ಮನೆಗೆ ಮಾರಿದ್ರೆ ತೊಂಬತ್ತು. ಆ ಐವತ್ತು ರೂಪಾಯಿ ವ್ಯತ್ಯಾಸಕ್ಕೆ ಸೈಟು ಬೇಕಿತ್ತು ಅವರಿಗೆ.

ಬಾಯಲ್ಲಿ ಏನೇ ಅಂದಿರ್ಲಿ, ಮೊದಲನೇ ಸಲ ನಾನು ಮಾಡಿದ್ದು ಎಲ್ಲರೂ ಮಾಡೋದನ್ನೇ. ಐದು ಸಾವಿರ ಚಿಲ್ಲರೆ ಕೊಟ್ಟು ಥೀಮ್ (ರೆಡಿಮೇಡ್ ಡಿಸೈನು) ತಗೊಂಡೆ, ಮೇಲೆ ಐದು ಫೋಟೋ ಸ್ಲೈಡರು, ಹಿಂದೆ ಕೊಪ್ಪರಿಗೇಲಿ ಪಾಕ ಕುದಿಯೋ ವಿಡಿಯೋ, ಅದರ ಮೇಲೆ ಗಾಜಿನ ಥರ ಮಸುಕು ಕಾರ್ಡುಗಳು. ನೋಡಕ್ಕೆ ಮದುವೆ ಮನೆ ಇದ್ದಂಗಿತ್ತು. ಒಟ್ಟು ಏಳು ಎಂಬಿ ಇತ್ತೇನೋ. ಕುವೆಂಪುನಗರದ ನನ್ನ ಫೈಬರ್ ಕನೆಕ್ಷನ್ನಲ್ಲಿ ಚಕ್ ಅಂತ ಬರ್ತಿತ್ತು. ಬೈಕ್ ಹತ್ಕೊಂಡು ಆಲೆಮನೆಗೆ ಹೋಗಿ ಗೌಡ್ರ ಫೋನಲ್ಲೇ ಓಪನ್ ಮಾಡ್ಸಿದೆ. ಬಿಳಿ ಸ್ಕ್ರೀನು, ನಡುವೆ ಸುತ್ತೋ ಚಕ್ರ. ಒಲೆ ಮುಂದೆ ಹೊಗೆ ಕುಡ್ಕೊಂಡು ಇಬ್ರೂ ಕಾದ್ವಿ. ಆಮೇಲೆ ಗೌಡ್ರು ನಿಧಾನಕ್ಕೆ ಅಂದ್ರು, "ತಿರುಗ್ತಾನೇ ಅದೆ ಸ್ವಾಮಿ ನಮ್ ಗಾಣದಂಗೆ, ರಸ ಮಾತ್ರ ಬರ್ತಿಲ್ಲ."

ಕೊನೆಗೂ ಬಂತು, ಬಂದ ಮೇಲೆ ಇನ್ನೊಂದು. ಮೂಲೆಯ ಮೂರು ಗೆರೆ ತೋರ್ಸಿ "ಇದೇನು ಈಬೂತಿ ಬಳಿದಂಗೆ?" ಅಂದ್ರು. ಮೆನು ಗೌಡ್ರೇ, ಒತ್ತಿ ಅಂದೆ. ಒತ್ತಿದ್ರು, ಪಕ್ಕದಿಂದ ಒಂದು ಪರದೆ ಸರ್ ಅಂತ ಬಂತು, ಗಾಬರಿಯಾಗಿ ಫೋನನ್ನೇ ಆಫ್ ಮಾಡ್ಬಿಟ್ರು. ದಿನಾ ಫೋನ್‌ಪೇಲಿ ದುಡ್ಡು ಇಸ್ಕೊಳೋ ಮನುಷ್ಯ, ಯೂಟ್ಯೂಬಲ್ಲಿ ಟ್ರ್ಯಾಕ್ಟರ್ ವಿಡಿಯೋ ನೋಡೋ ಮನುಷ್ಯ, ಅವರಿಗೆ ಫೋನು ಬರಲ್ಲ ಅಂತ ಹೇಳಂಗಿಲ್ಲ, ನಾನು ಮಾಡಿದ್ದು ಅವರಿಗೆ ಬರಲ್ಲ ಅಷ್ಟೆ.

ಆ ಕೆಲಸಕ್ಕೆ ಹದಿನೆಂಟು ಸಾವಿರ ಮಾತಾಡಿದ್ದೆ, ಅಡ್ವಾನ್ಸ್ ಐದು ಬಂದಿತ್ತು, ಅದು ಥೀಮಿಗೇ ಹೋಗಿತ್ತು. ಮಿಕ್ಕಿದ್ದನ್ನ ಕೇಳಕ್ಕೆ ಮುಖ ಇರ್ಲಿಲ್ಲ. ಜೊತೆಗೆ ಕಡಿಮೆ ರೇಟಿನ ಒಂದು ಹೋಸ್ಟಿಂಗ್ ಕಂಪನಿ, ಹೆಸರು ಬೇಡ, ಮೂರು ವರ್ಷದ ದುಡ್ಡು ಒಟ್ಟಿಗೆ ಇಸ್ಕೊಂಡು ಸಂಕ್ರಾಂತಿ ವಾರದಲ್ಲೇ ಸರ್ವರ್ ಮಲಗಿಸ್ತು. ಎಳ್ಳು ಬೆಲ್ಲದ ಸೀಸನ್ನು ಸ್ವಾಮಿ! ವರ್ಷಕ್ಕೊಂದೇ ಸಲ ಬರೋದು.

ಆಗ ಎಲ್ಲಾ ಕಿತ್ತಾಕಿ ಖಾಲಿ ಫೈಲಿಂದ ಶುರು ಮಾಡಿದೆ. ಬಾಡಿ ಟೆಕ್ಸ್ಟಿಗೆ (ಹೆಡ್ಡಿಂಗ್ ಬಿಟ್ಟು ಮಿಕ್ಕ ಬರಹಕ್ಕೆ) ವೆಬ್‌ಫಾಂಟೇ (ಸೈಟಿನ ಜೊತೆ ಇಳಿಯೋ ಅಕ್ಷರದ ಫೈಲು) ಬೇಡ ಅಂತ ತೀರ್ಮಾನ ಮಾಡಿದ್ದು ಮೊದಲು. ಆಂಡ್ರಾಯ್ಡಲ್ಲಿ ನೋಟೋ ಸಾನ್ಸ್ ಕನ್ನಡ ಇದ್ದೇ ಇರತ್ತೆ, ವಿಂಡೋಸಲ್ಲಿ ನಿರ್ಮಲಾ ಯುಐ ಇದೆ, ಹಳೇದಾದ್ರೆ ತುಂಗಾ, ಐಫೋನಲ್ಲಿ ಕನ್ನಡ ಸಂಗಮ್. ಸುಮ್ನೆ ಯಾಕೆ ಇನ್ನೂರು ಕೆಬಿ ಫಾಂಟು ಇಳಿಸೋದು. ಆದ್ರೆ ಹೆಡ್ಡಿಂಗ್ ಮಾತ್ರ ಸ್ವಲ್ಪ ದಪ್ಪಗೆ ಬೆಲ್ಲದಂಗೆ ಉಂಡುಂಡಗೆ ಇರಲಿ ಅಂತ ಬಾಲೂ ತಮ್ಮ ಅನ್ನೋ ಫಾಂಟ್ ತಗೊಂಡೆ, ಅದನ್ನ ಕತ್ತರಿಸಿ ಬೇಕಾದಷ್ಟೇ ಅಕ್ಷರ ಇಟ್ಕೊಳೋಣ ಅಂತ ಯಾವುದೋ ಆನ್‌ಲೈನ್ ಟೂಲಿಗೆ ಹಾಕ್ದೆ. ಹದಿನಾಲ್ಕು ಕೆಬಿಗೆ ಇಳೀತು, ಖುಷಿಯೋ ಖುಷಿ. ಪೇಜ್ ತೆಗೆದು ನೋಡಿದ್ರೆ "ಅಚ್‌ಚು ಬೆಲ್‌ಲ". ಒತ್ತಕ್ಷರ ಎಲ್ಲಾ ಮಾಯ. ಒತ್ತಕ್ಷರಕ್ಕೆ ಯುನಿಕೋಡಲ್ಲಿ ಸ್ವಂತ ನಂಬರಿಲ್ಲವಲ್ಲ, ಫಾಂಟ್ ಒಳಗಿನ ನಿಯಮ ಜೋಡಿಸಿ ಕೊಡೋದು, ಆ ಟೂಲು ನಿಯಮಾನೂ ಒತ್ತಿನ ಆಕಾರಾನೂ ಕಸ ಅಂತ ಗುಡಿಸಿಬಿಟ್ಟಿತ್ತು. ಆಮೇಲೆ ಫಾಂಟ್‌ಟೂಲ್ಸಿನ ಪೈಎಫ್‌ಟಿಸಬ್‌ಸೆಟ್‌ಗೆ ಬಂದೆ, ಫಾಂಟ್ ಕತ್ತರಿಸೋಕೇ ಇರೋ ಟೂಲದು, ಅದಕ್ಕೆ ಬಿಡಿ ಅಕ್ಷರ ಕೊಡೋ ಬದಲು ಇಡೀ ಹೆಡ್ಡಿಂಗ್ ಪಠ್ಯಾನೇ ಕೊಟ್ರೆ ಒತ್ತು ಸಮೇತ ಉಳಿಸ್ಕೊಡತ್ತೆ.

ಗೆದ್ದೆ ಅನ್ಕೊಂಡೆ. ಹದಿನೈದು ದಿನಕ್ಕೆ ಗೌಡ್ರ ಮಗಳು (ಡಿಗ್ರಿ ಓದ್ತಾಳೆ, ವ್ಯಾಪಾರದ ವಾಟ್ಸಾಪೆಲ್ಲ ಅವಳದೇ) "ಅಣ್ಣಾ, ಶುಂಠಿ ಬೆಲ್ಲ ಅಂತ ಒಂದು ಸೇರ್ಸಿ" ಅಂದಳು. ಸೇರ್ಸಿದೆ. ಶ ಮತ್ತು ಠ ನಾನು ಉಳಿಸಿದ್ದ ಪಟ್ಟೀಲಿ ಇರ್ಲಿಲ್ಲ. "ಶುಂಠಿ" ಸಣಕಲು ಸಿಸ್ಟಮ್ ಫಾಂಟಲ್ಲಿ, ಪಕ್ಕದಲ್ಲಿ "ಬೆಲ್ಲ" ದಪ್ಪಗೆ ಬಾಲೂಲಿ, ಒಂದೇ ಮಣೆ ಮೇಲೆ ಕೂತ್ಕೊಂಡು ಮಾತು ಬಿಟ್ಟ ಗಂಡ ಹೆಂಡ್ತಿ ಥರ. ಈಗ ನನ್ನ ಹತ್ರ ಒಂದು ಅಕ್ಷರದ ಪಟ್ಟಿ ಇದೆ, ಎರಡು ವರ್ಷದ ಕೆಲಸದಲ್ಲಿ ತಪ್ಪು ಮಾಡಿ ಮಾಡಿ ಕಟ್ಟಿದ್ದು, ನಮ್ ಕಡೆ ಅಂಗಡಿ ಹೆಡ್ಡಿಂಗುಗಳಿಗೆ ಬೇಕಾಗೋ ಅಷ್ಟೂ ಜೋಡಿ ಅದರಲ್ಲಿದೆ, ಫಾಂಟು ಇಪ್ಪತ್ತೈದು ಕೆಬಿ ಒಳಗೇ ಇರತ್ತೆ. ಆ ಪಟ್ಟಿ ಕೊಡಲ್ಲ. ಕೇಳಬೇಡಿ.

ಒತ್ತಿನ ವಿಚಾರ ಬಂತಲ್ಲ, ಸಾಲಿನ ಎತ್ತರದ್ದೂ ಹೇಳ್ತೀನಿ. ಥೀಮುಗಳೆಲ್ಲ ಇಂಗ್ಲಿಷ್ ಅಳತೇಲಿ ಹೊಲಿದ ಬಟ್ಟೆ. ಹೆಡ್ಡಿಂಗಿಗೆ ಲೈನ್‌ಹೈಟ್ (ಅಕ್ಷರದ ಗಾತ್ರದ ಎಷ್ಟು ಪಟ್ಟು ಅಂತ) 1.2 ಇಟ್ಟಿರ್ತಾರೆ, ಮೇಲೆ ಓವರ್‌ಫ್ಲೋ ಹಿಡನ್ (ಚೌಕದಾಚೆ ಹೋಗಿದ್ದನ್ನ ಮರೆಮಾಡು ಅಂತ) ಬೇರೆ. ಕೆಳಗಿನ ಒತ್ತು ಕತ್ತರಿಸಿ ಹೋಗಿ ನಮ್ಮ ಬೆಲ್ಲ "ಬೆಲ" ಆಗಿತ್ತು, ಅಚ್ಚು "ಅಚು". ನಾನು ಮೂರು ದಿನ ಗಮನಿಸಿರ್ಲಿಲ್ಲ, ಕಣ್ಣು ತಾನೇ ತುಂಬ್ಕೊಂಡು ಓದ್ತಿತ್ತು, ಆಲೆಮನೇಲಿ ಬೆಂಕಿ ಹಾಕೋ ಅಜ್ಜ "ಏನ್ಲಾ ಇದು ಬೆಲ?" ಅಂದಾಗ ನೋಡಿದ್ದು. ಈಗ ಬಾಡಿ ಟೆಕ್ಸ್ಟಿಗೆ 1.75, ಹೆಡ್ಡಿಂಗಿಗೆ 1.5ಕ್ಕಿಂತ ಕೆಳಗೆ ಇಳಿಯಲ್ಲ, ಯಾವ ಸೈಟಾದ್ರೂ ಮೊದಲು "ಸ್ತ್ರೀ", "ಲಕ್ಷ್ಮಿ", "ರಾಷ್ಟ್ರ" ಅಂತ ಟೈಪ್ ಮಾಡಿ ನೋಡ್ತೀನಿ, ಎರಡೆರಡು ಒತ್ತು ಉಳಿದ್ರೆ ಮಿಕ್ಕಿದ್ದು ಉಳೀತು. ಇನ್ನು ಅಕ್ಷರದ ನಡುವೆ ಜಾಗ ಬಿಡೋ ಫ್ಯಾಶನ್ನು, ಇಂಗ್ಲಿಷಲ್ಲಿ ಚೆನ್ನಾಗಿ ಕಾಣತ್ತೆ, ಕನ್ನಡದಲ್ಲಿ ಹಲ್ಲು ಉದುರಿದ ಬಾಯಿ.

ಮಾತಿನದೂ ಅಷ್ಟೇ. "ನಮ್ಮ ಉತ್ಪನ್ನಗಳು" ತೆಗೆದು "ಏನೇನಿದೆ, ಎಷ್ಟು" ಅಂತ ಹಾಕಿದೆ. "ಸಂಪರ್ಕಿಸಿ" ತೆಗೆದು ಕೆಳಗೆ ಹೆಬ್ಬೆರಳು ಸಿಗೋ ಜಾಗದಲ್ಲಿ ಸ್ಕ್ರೀನಿನಷ್ಟೇ ಅಗಲದ ಬಟನ್, "ಗೌಡ್ರಿಗೆ ಫೋನ್ ಮಾಡಿ". ಅಷ್ಟೇ ಬದಲಾವಣೆ, ಮೊದಲು ವಾರಕ್ಕೆ ಒಂದೆರಡು ಬರ್ತಿದ್ದ ಫೋನು ದಿನಕ್ಕೆ ಏಳೆಂಟಾಯ್ತು. ಸುಳ್ಳು ಹೇಳಬಾರದು, ಆ ತಿಂಗಳು ಬೆಲ್ಲದ ಸೀಸನ್ನೂ ಇತ್ತು, ಆದ್ರೂ ಬಹಳಷ್ಟು ಬಟನ್ನಿನ ಪುಣ್ಯ.

ಫೋಟೋ ಬಗ್ಗೆ ಜಗಳಾನೇ ಆಯ್ತು. ಹೈಡ್ರೋಸ್ ಇಲ್ಲದ ಬೆಲ್ಲ ಕಂದು, ಕೆಲವು ಸಲ ಕಪ್ಪಗೇ ಇರತ್ತೆ, ಮಾರ್ಕೆಟಲ್ಲಿ ಜನಕ್ಕೆ ಅಭ್ಯಾಸ ಆಗಿರೋದು ಹಳದಿ. ಗೌಡ್ರು "ಒಸಿ ಹಳದಿ ಮಾಡಿ ಸ್ವಾಮಿ ಫೋಟೋನಾ" ಅಂತ. ನಾನು ಒಪ್ಪಲಿಲ್ಲ. ಬೆಲ್ಲಕ್ಕೆ ಹಾಕದ ಹೈಡ್ರೋಸ್ ಫೋಟೋಗ್ಯಾಕೆ ಹಾಕ್ಲಿ ಅಂದೆ. ಕಪ್ಪಗೇ ಬಿಟ್ಟು ಕೆಳಗೆ "ಕಪ್ಪಗಿದೆ ಅಂತ ಗಾಬರಿ ಬೇಡ, ಹೈಡ್ರೋಸ್ ಹಾಕಿಲ್ಲ" ಅಂತ ಬರೆದೆ. ಫೋನ್ ಮಾಡೋರು ಈಗ "ಆ ಕಪ್ಪು ಬೆಲ್ಲ ಇದೆಯಾ" ಅಂತಾನೇ ಕೇಳ್ತಾರೆ. ಫೋಟೋ ಒಂದೊಂದು ಹನ್ನೆರಡು ಹದಿನೈದು ಕೆಬಿಗೆ ಹೇಗೆ ಇಳಿಸ್ತೀನಿ ಅನ್ನೋದು, ವೆಬ್‌ಪಿ (ಫೋಟೋ ಹಗುರ ಮಾಡೋ ಫೈಲ್ ನಮೂನೆ) ಅನ್ನೋವರೆಗೆ ಹೇಳಬಲ್ಲೆ, ಅದಕ್ಕೂ ಮುಂಚೆ ಫೋಟೋ ತೆಗೆಯುವಾಗ ಹಿಂದೆ ಏನ್ ಹಾಸ್ತೀನಿ ಅನ್ನೋದು ನನ್ನಲ್ಲೇ ಇರಲಿ.

ರೇಟು ದಿನಾ ಬದಲಾಗೋದ್ರಿಂದ ಗೂಗಲ್ ಶೀಟಿಗೆ ಕಟ್ಟಿದೆ, ಮಗಳು ಫೋನಲ್ಲೇ ತಿದ್ದಿದ್ರೆ ಸೈಟಲ್ಲಿ ಬರತ್ತೆ. ಒಂದಿನ ಅವಳು ಕಾಲೇಜಿಗೆ ಹೋಗಿದ್ಲು, ಗೌಡ್ರೇ ಕೂತು "ತೊಂಬತ್ತು ರೂ. ಮಾತ್ರ" ಅಂತ ಟೈಪ್ ಮಾಡಿದ್ರು. ನನ್ನ ಸ್ಕ್ರಿಪ್ಟು ಅದನ್ನ ಹತ್ತು ಕೆಜಿಗೆ ಗುಣಿಸಕ್ಕೆ ಹೋಗಿ "ಎನ್‌ಎಎನ್" (NaN, ಇದು ನಂಬರಲ್ಲ ಅನ್ನೋದಕ್ಕೆ ಕಂಪ್ಯೂಟರಿನ ಮಾತು) ಅಂತ ತೋರಿಸ್ತು. ನಾನ್ ಅಂದ್ರೆ ಏನು, ನೀವಾ ಅಂತ ಯಾರೋ ಗಿರಾಕಿ ಕೇಳಿದ್ರಂತೆ. ಗುಣಾಕಾರ ಕಿತ್ತೆ, ಶೀಟಲ್ಲಿ ಏನಿದೆಯೋ ಹಾಗೇ ತೋರ್ಸತ್ತೆ ಈಗ, "ಇವತ್ತು ಇಲ್ಲ, ನಾಳೆ ಬನ್ನಿ" ಅಂತ ಬರೆದ್ರೂ ಅದೇ ಬರತ್ತೆ. ಅದು ಇನ್ನೂ ಚೆನ್ನಾಗಿದೆ.

ನಡುವೆ ಬೇಡದ ಪ್ರಯೋಗಗಳೂ ಮಾಡಿದೆ. ರೇಟನ್ನ ಕನ್ನಡ ಅಂಕೀಲಿ ಹಾಕಿದೆ, ೯೦ ಅಂತ. ನೋಡಕ್ಕೆ ಸೊಗಸು, ಆದ್ರೆ ಕಾಲ್ ಮಾಡಿ "ಅದು ಆರಾ ಒಂಬತ್ತಾ" ಅಂತ ಕೇಳೋರು ಜಾಸ್ತಿಯಾದ್ರು. ಬೇಜಾರಿಂದಲೇ 90ಕ್ಕೆ ವಾಪಸ್ ಬಂದೆ. ಓದಿ ಹೇಳೋ ಬಟನ್ ಇಟ್ಟೆ, ಕೆಲವು ಫೋನಲ್ಲಿ ಕನ್ನಡದ ದನಿ ಇಲ್ಲ, ಬಟನ್ ಒತ್ತಿದ್ರೆ ಮೌನವ್ರತ, ತೆಗೆದೆ. ಕ್ಯೂಆರ್ ಮಾತ್ರ ಒಳ್ಳೆ ಪಾಠ ಕಲಿಸ್ತು. ಬೆಲ್ಲದ ರಟ್ಟಿನ ಡಬ್ಬದ ಮೇಲೆ ವಾಟ್ಸಾಪ್ ಕ್ಯೂಆರ್ ಹಾಕೋಣ, ಸ್ಕ್ಯಾನ್ ಮಾಡಿದ್ರೆ ಕನ್ನಡದಲ್ಲಿ ಆರ್ಡರ್ ಮೆಸೇಜು ತಾನೇ ಬರಲಿ ಅಂತ ಆಸೆ. ಕನ್ನಡದಲ್ಲಿ ಅಕ್ಷರ, ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲಾ ಬೇರೆ ಬೇರೆ ಲೆಕ್ಕ, ಒಂದೊಂದಕ್ಕೆ 3 ಬೈಟು. "ಬೆಲ್ಲ" ಅನ್ನೋ ಎರಡಕ್ಷರ 15 ಬೈಟು, ಲಿಂಕಿನ ಒಳಗೆ ಹೋದ್ರೆ ಶೇಕಡಾ ಗುರುತು ಸೇರಿ 45 ಅಕ್ಷರ. ಎರಡು ಸಾಲಿನ ಮೆಸೇಜಿಗೆ ಕ್ಯೂಆರ್ ಅನ್ನೋದು ಇರುವೆ ಮುತ್ತಿದ ಸಕ್ಕರೆ ಆಯ್ತು. ಕಂಪ್ಯೂಟರಲ್ಲಿ ಸ್ಕ್ಯಾನ್ ಆಗ್ತಿತ್ತು, ರಟ್ಟಿನ ಮೇಲೆ ಇಂಕ್ ಹರಡ್ಕೊಂಡು ಒಂದೂ ಆಗ್ಲಿಲ್ಲ. ಐನೂರು ಡಬ್ಬ, ಒಂದಕ್ಕೆ ಹದಿಮೂರು ರೂಪಾಯಿ ಲೆಕ್ಕ, ಆರೂವರೆ ಸಾವಿರ ನನ್ನ ಜೇಬಿಂದ. ಈಗ ಕ್ಯೂಆರಲ್ಲಿ ಬರೀ ಸೈಟಿನ ವಿಳಾಸ, ಚೌಕ ದೊಡ್ಡದು, ತಪ್ಪು ತಡೆಯೋ ಲೆವೆಲ್ ಎಚ್ (ಎಲ್ಲಕ್ಕಿಂತ ಮೇಲಿನದು), ನಡುವೆ ಸ್ವಲ್ಪ ಬೆಲ್ಲದ ಪುಡಿ ಮೆತ್ತಿದ್ರೂ ಸ್ಕ್ಯಾನ್ ಆಗತ್ತೆ.

ಟ್ರೆಂಡ್ ಬಗ್ಗೆ ಒಂದು ಮಾತು. 2013ರಲ್ಲಿ ಐಫೋನಿಗೆ ಐಓಎಸ್ 7 ಬಂದು ಎಲ್ಲಾ ಚಪ್ಪಟೆ ಆಯ್ತು, ನಾವೂ ನೆರಳು ಅಳಿಸಿದ್ವಿ. ಮುಂದಿನ ವರ್ಷ ಗೂಗಲ್‌ನೋರು ಮಟೀರಿಯಲ್ ಡಿಸೈನ್ ಅಂದ್ರು, ಅಳಿಸಿದ ನೆರಳು ವಾಪಸ್ ಹಾಕಿದ್ವಿ. 2025ರಲ್ಲಿ ಆಪಲ್‌ನೋರು ಲಿಕ್ವಿಡ್ ಗ್ಲಾಸ್ ಅಂತ ಗಾಜಿನಂಥ ಡಿಸೈನು ತಂದಿದ್ದೇ ತಡ ಗೌಡ್ರ ಅಣ್ಣನ ಮಗ ಬೆಂಗಳೂರಿಂದ ಫೋನ್ ಮಾಡಿ ನಮ್ ಸೈಟೂ ಹಂಗೆ ಮಾಡಿ ಅಂದ. ಅವನಿಗೆ ಒಂದು ಕೆಲಸ ಕೊಟ್ಟೆ. ಹನ್ನೆರಡು ಗಂಟೆ ಬಿಸಿಲಲ್ಲಿ ದೇವರಾಜ ಮಾರ್ಕೆಟ್ ಮುಂದೆ ನಿಂತ್ಕೊಂಡು, ಹತ್ತು ಸಾವಿರದ ಫೋನಲ್ಲಿ, ಒಂದು ಕೈಲಿ ಚೀಲ ಹಿಡ್ಕೊಂಡು ಗಾಜಿನ ಮೇಲಿನ ತೆಳು ಬೂದು ಅಕ್ಷರ ಓದಪ್ಪ, ಆಮೇಲೆ ಮಾಡೋಣ ಅಂತ. ತಿರುಗಿ ಫೋನ್ ಬಂದಿಲ್ಲ. ಡಾರ್ಕ್ ಮೋಡೂ ಅಷ್ಟೇ, ರಾತ್ರಿ ಹಾಸಿಗೇಲಿ ಸುಖ, ಬಿಸಿಲಲ್ಲಿ ಸ್ಕ್ರೀನು ಕನ್ನಡಿ, ಬೆಲ್ಲ ನೋಡಕ್ಕೆ ಹೋದ್ರೆ ನಮ್ ಮುಖಾನೇ ಕಾಣತ್ತೆ. ನಾನು ಬಿಳಿ ಮೇಲೆ ಕಪ್ಪು, 18 ಪಿಕ್ಸೆಲ್, ಮುಗೀತು.

ದುಡ್ಡಿನ ಲೆಕ್ಕ ಕೇಳ್ತೀರ ಅಂತ ಗೊತ್ತು. ಡೊಮೈನು ವರ್ಷಕ್ಕೆ ಏಳುನೂರು ಎಂಟುನೂರು. ಹೋಸ್ಟಿಂಗ್ ಸೊನ್ನೆ, ಬರೀ ಸ್ಟ್ಯಾಟಿಕ್ ಫೈಲು (ಇದ್ದಂಗೇ ಕಳಿಸೋ ಫೈಲು), ಪುಕ್ಕಟೆ ಜಾಗ ಕೊಡೋ ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟಿದ್ದೆ, ಆಮೇಲೆ ಕ್ಲೌಡ್‌ಫ್ಲೇರ್‌ಗೆ ಎತ್ತಿದೆ. ಪೇಜು ಎಲ್ಲಾ ಸೇರಿ ತೊಂಬತ್ತು ಕೆಬಿ ಚಿಲ್ಲರೆ. ಗೌಡ್ರು ಹೋದ ಸೀಸನ್ನಲ್ಲಿ ಫೋನ್ ಮೇಲೆ ಮಾರಿದ್ದು ಮೂರೂವರೆ ನಾಲ್ಕು ಟನ್ ಇರ್ಬೇಕು, ಬಹುಪಾಲು ಮೈಸೂರು, ಬೆಂಗಳೂರಿನ ಮನೆಗಳಿಗೆ. ಹಳೇ ಬಾಕಿ ಹದಿಮೂರು ಸಾವಿರ ಅವರೇ ಕರೆದು ಕೊಟ್ರು, ಮೇಲೆ ಎರಡು ಬಕೆಟ್ ಜೋನಿ ಬೆಲ್ಲ. ಈಗ ಇಂಥದ್ದಕ್ಕೆ ಹನ್ನೆರಡು ಸಾವಿರ ತಗೋತೀನಿ, ನಾಲ್ಕು ದಿನದ ಕೆಲಸ, ಅದರಲ್ಲಿ ಎರಡು ದಿನ ಪಾರ್ಟಿ ಹತ್ರ ಕೂತು ಗಿರಾಕಿ ಏನ್ ಕೇಳ್ತಾರೆ ಅಂತ ಕೇಳಿಸ್ಕೊಳೋದೇ. ಇದುವರೆಗೆ ಒಂಬತ್ತು ಮಾಡಿದೀನಿ, ಎರಡು ಫ್ಲಾಪು, ಒಂದು ಚೌಟ್ರಿದು, ಇನ್ನೊಂದು ನಮ್ ಮಾವನ ಟ್ರಾವೆಲ್ಸು, ಅದರ ಕತೆ ಬೇಡ ಮನೇಲೂ ಓದ್ತಾರೆ.

ಕರಪತ್ರ ಅಂದಿದ್ದನಲ್ಲ, ಅವನು ಮೊನ್ನೆ ಫೋನ್ ಮಾಡಿ ಆ ಅಕ್ಷರದ ಪಟ್ಟಿ ಕಳ್ಸು ಮಗಾ ಅಂದ. ನೋಡ್ತೀನಿ ಅಂದಿದೀನಿ.

ಸದ್ಯಕ್ಕೆ ತಲೆ ಕೆಟ್ಟಿರೋದು ಹೂವಿನೋರ ಸೈಟಿಗೆ. ಮಲ್ಲಿಗೆ ಮೊಳದ ಲೆಕ್ಕ, ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು, ಶುಕ್ರವಾರಕ್ಕೆ ಬೇರೇನೇ. ಶೀಟು ತಿದ್ದಕ್ಕೆ ಆ ಅಮ್ಮನಿಗೆ ಕೈ ಬಿಡುವಿರಲ್ಲ, ಎರಡೂ ಕೈಲಿ ಕಟ್ತಾನೇ ಇರ್ತಾರೆ. ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ ರೇಟು ಹೇಳಿದ್ರೆ ಅದೇ ಸೈಟಲ್ಲಿ ಆಡಿಯೋ ಬಟನ್ ಆಗಿ ಬರೋ ಹಾಗೆ ಮಾಡ್ತಿದೀನಿ, ನಿನ್ನೆ ಟೆಸ್ಟ್ ಮಾಡಿದಾಗ ರೇಟಿನ ಜೊತೆ ಪಕ್ಕದ ಅಂಗಡಿಯೋರ ಹತ್ರ ಆಡಿದ ಜಗಳಾನೂ ಪೂರ್ತಿ ರೆಕಾರ್ಡ್ ಆಗಿತ್ತು.