ಚೀಟಿಯ ಜೊತೆ ಒಬ್ಬರು

ಆ ಹುಡುಗಿ ಆಗ ಮೂರನೇ ತರಗತಿ. ಪಾಠ ಮಾಡುವಾಗ ಎಡಗಿವಿ ನನ್ನ ಕಡೆ ಬರುವಂತೆ ತಿರುಗಿ ಕೂರುತ್ತಿದ್ದಳು. ಉಕ್ತಲೇಖನದಲ್ಲಿ ‘ಬಾವಿ’ ಅಂದರೆ ‘ಮಾವಿ’ ಅಂತ ಬರೆಯುತ್ತಿದ್ದಳು. ಓದಿನ ಕಡೆ ಲಕ್ಷ್ಯವಿಲ್ಲ ಅಂತ ತಿಂಗಳುಗಟ್ಟಲೆ ನಾನೇ ತಪ್ಪು ತಿಳಿದಿದ್ದೆ. ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡ ತಪಾಸಣೆಗೆ ಬಂದ ದಿನ ವೈದ್ಯರು ಅವಳ ಬಲಗಿವಿಗೆ ಟಾರ್ಚ್ ಹಿಡಿದು ನನ್ನನ್ನು ಕರೆದರು. ಒಳಗೆಲ್ಲ ಕೀವು. ಮನೆಯಲ್ಲಿ ಹಾಕಿದ್ದ ಬೆಳ್ಳುಳ್ಳಿ ಎಣ್ಣೆಯ ವಾಸನೆ ಬೇರೆ. ಕಿವಿಯ ತಮಟೆ ತೂತಾಗಿರಬಹುದು, ರಾಯಚೂರಿಗೆ ಹೋಗಿ ತೋರಿಸಿ ಎಂದು ಚೀಟಿ ಬರೆದರು. ನಾನು ಅದನ್ನು ತಾಯಿಯ ಕೈಗೆ ಕೊಟ್ಟೆ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಮರುವರ್ಷ ತಂಡ ಬಂದಾಗ ಅದೇ ಕಿವಿ, ಅದೇ ಕೀವು. ಸಂಜೆ ಮನೆಗೆ ಹೋದೆ. ಹಳೆಯ ಚೀಟಿ ರೇಷನ್ ಕಾರ್ಡಿನ ಕವರಿನೊಳಗೆ ನಾಲ್ಕು ಮಡಿಕೆಯಾಗಿ ಭದ್ರವಾಗಿತ್ತು. “ಹತ್ತಿ ಬಿಡಿಸೋ ಟೈಮಿನ್ಯಾಗ ಒಂದಿನ ಬಿಟ್ರ ಮತ್ತ ಗುಂಪಿನ್ಯಾಗ ಕರ್ಯಂಗಿಲ್ರಿ ಟೀಚರ್,” ಅಂದಳು ತಾಯಿ. “ಅಷ್ಟ್ ದೊಡ್ಡ ದವಾಖಾನ್ಯಾಗ ಹೋಗಿ ನಾ ಯಾರ್ನ ಕೇಳ್ಲಿ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಆಶಾ ಅಕ್ಕನನ್ನೂ ನಮ್ಮ ಆವರಣದಲ್ಲೇ ಇರುವ ಅಂಗನವಾಡಿ ಟೀಚರನ್ನೂ ಕೂರಿಸಿಕೊಂಡು ಮಾತಾಡಿದೆ. ಬಸುರಿಯರನ್ನು ಕರೆದುಕೊಂಡು ಹೋಗಿ ಹೋಗಿ ಆಶಾ ಅಕ್ಕನಿಗೆ ಆಸ್ಪತ್ರೆಯ ಮೂಲೆಮೂಲೆಯೂ ಗೊತ್ತು. ಊರ ಸಂತೆ ಗುರುವಾರ, ಅವತ್ತು ಕೂಲಿ ಗುಂಪುಗಳು ಹೊಲಕ್ಕೆ ಹೋಗುವುದಿಲ್ಲ ಎಂದು ನೆನಪಿಸಿದವರೂ ಅವರೇ. ಇಷ್ಟು ವರ್ಷ ಇಲ್ಲೇ ಕೆಲಸ ಮಾಡಿದರೂ ನನಗದು ಹೊಳೆದಿರಲಿಲ್ಲ. ಗುರುವಾರ ಕಿವಿ ವೈದ್ಯರು ಇರುತ್ತಾರಾ ಎಂದು ಆರ್‌ಬಿಎಸ್‌ಕೆ ತಂಡದ ಫಾರ್ಮಸಿಸ್ಟ್ ಫೋನ್ ಮಾಡಿ ವಿಚಾರಿಸಿಕೊಟ್ಟರು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ತಾಯಿ, ಮಗಳು, ಆಶಾ ಅಕ್ಕ ಮೂವರಿಗೂ ಬಸ್ ಚಾರ್ಜಿಲ್ಲ. ಆ ಗುರುವಾರ ಬೆಳಗಿನ ಬಸ್ಸಿಗೆ ಹೋದರು.

ಅಂದಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಮಗುವಿನ ಹೆಸರು, ಎಲ್ಲಿಗೆ ಹೋಗಬೇಕು, ಯಾವ ಗುರುವಾರ. ಕೊನೆಯ ಕಾಲಂ ‘ಜೊತೆಗೆ ಯಾರು’. ಅದು ತುಂಬುವವರೆಗೆ ಚೀಟಿ ನನ್ನ ಬೀರುವಿನಲ್ಲೇ ಇರುತ್ತದೆ. ಎಲ್ಲವನ್ನೂ ಆಶಾ ಅಕ್ಕನ ತಲೆಗೆ ಕಟ್ಟುವುದು ಸರಿಯಲ್ಲ, ಈ ತಿರುಗಾಟಕ್ಕೆ ಅವರಿಗೆ ಬೇರೆ ದುಡ್ಡು ಸಿಗುವುದಿಲ್ಲ. ಅದಕ್ಕೇ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಇಬ್ಬರು ತಾಯಂದಿರು ಸರದಿ ಹಿಡಿದಿದ್ದಾರೆ. ಒಮ್ಮೆ ದಾರಿ ಕಂಡವರು ಇನ್ನೊಬ್ಬರಿಗೆ ತೋರಿಸುತ್ತಾರೆ. ಈಗ ಆ ಹುಡುಗಿಯ ತಾಯಿಯೂ ಹೋಗಿಬರುತ್ತಾರೆ.

ಒಂದು ತಪ್ಪು ನನ್ನಿಂದ ಆಗಿದೆ, ಹೇಳಲೇಬೇಕು. ತಿಂಗಳಿಗೊಮ್ಮೆ ಶನಿವಾರ ಎಲ್ಲರೂ ಸೇರುತ್ತೇವೆ. ಮೊದಲ ಸಭೆಯಲ್ಲಿ ಒಬ್ಬ ಹುಡುಗನ ತಂದೆಯ ಕುಡಿತದ ವಿಷಯ ಎಲ್ಲರೆದುರು ಎತ್ತಿದೆ. ಕತ್ತಲಾಗುವಷ್ಟರಲ್ಲಿ ಅದು ಊರೆಲ್ಲ ಹಬ್ಬಿತ್ತು. ತಾಯಿ ಮೂರು ವಾರ ಮಗನನ್ನು ಶಾಲೆಗೆ ಕಳಿಸಲಿಲ್ಲ. ನಾನು ಎರಡು ಸಲ ಮನೆಗೆ ಹೋಗಿ ಕ್ಷಮೆ ಕೇಳಿದ ಮೇಲೆ ಹುಡುಗ ಬಂದ. ಈಗ ಸಭೆಯಲ್ಲಿ ಬಸ್ಸು, ದಿನ, ಕಾಗದಪತ್ರದ ಮಾತು ಮಾತ್ರ. ಮನೆಯೊಳಗಿನ ವಿಷಯ, ಆ ಮನೆಯವರು ನಂಬುವ ಒಬ್ಬರು ಮತ್ತು ನಾನು, ಇಬ್ಬರ ನಡುವೆಯೇ ಇರುತ್ತದೆ.

ಗುಳೆಯ ವಿಷಯದಲ್ಲೂ ಈ ಬಳಗ ಕೈಹಿಡಿಯಿತು. ಯಾರು ಬೆಂಗಳೂರಿಗೆ ಹೊರಡುತ್ತಾರೆ ಎಂದು ಶಾಲೆಗೆ ತಿಳಿಯುವುದು ಹಾಜರಿ ಪುಸ್ತಕದಲ್ಲಿ ‘ಗೈ’ (ಗೈರುಹಾಜರಿ) ಬಿದ್ದ ಮೇಲೆ. ಅಂಗನವಾಡಿ ಟೀಚರಿಗೆ ಮೊದಲೇ ಗೊತ್ತಾಗುತ್ತದೆ, ಚಿಕ್ಕ ಮಗುವಿನ ಆಹಾರದ ಪೊಟ್ಟಣ ಒಯ್ಯುವಾಗ ತಾಯಂದಿರು ಅವರ ಹತ್ತಿರ ಹೇಳಿಕೊಳ್ಳುತ್ತಾರೆ. ಆಗಲೇ ಆ ಮನೆಗೆ ಹೋಗಿ, ದೊಡ್ಡ ಮಗುವನ್ನು ಅಜ್ಜಿಯ ಹತ್ತಿರ ಬಿಡುವ ಮಾತಾಡುತ್ತೇವೆ. ಕಳೆದ ಸಲ ಐದು ಮನೆಯವರಿಂದ ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳುವ ಅರ್ಜಿ, ನಮೂನೆ 6 ತುಂಬಿಸಿ ಪಂಚಾಯಿತಿಗೆ ಕೊಡಿಸಿ, ಸ್ವೀಕೃತಿ ರಸೀದಿ ಕೈಗೆ ಸಿಗುವ ತನಕ ಅಲ್ಲೇ ನಿಂತೆವು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕೆಂಬ ನಿಯಮಕ್ಕೆ ಆ ರಸೀದಿಯೇ ಆಧಾರವಾಗಿತ್ತು. ಎರಡು ಮನೆಯವರು ಉಳಿದರು. ಮೂರು ಮನೆಯವರು ಹೋದರು, ಊರಲ್ಲಿ ಸಾಲ ಅಷ್ಟಿತ್ತು.

ಆ ಹುಡುಗಿಗೆ ಔಷಧದಿಂದ ಕೀವು ನಿಂತಿದೆ. ತಮಟೆಯ ತೂತು ಹಾಗೇ ಇದೆ, ಆಪರೇಷನ್ ವಿಷಯ ಮುಂದೆ ನೋಡೋಣ ಎಂದಿದ್ದಾರೆ. ಕಿವಿಗೆ ಎಣ್ಣೆ ಹಾಕುವುದನ್ನು ಮನೆಯಲ್ಲಿ ಬಿಟ್ಟಿದ್ದಾರೆ. ತಲೆಗೆ ನೀರು ಹಾಕುವ ದಿನ ವ್ಯಾಸಲೀನ್ ಸವರಿದ ಹತ್ತಿ ಇಡುತ್ತಾರೆ. ತರಗತಿಯಲ್ಲಿ ಅವಳನ್ನು ಮುಂದಿನ ಸಾಲಿನ ಬಲತುದಿಯಲ್ಲಿ ಕೂರಿಸಿದ್ದೇನೆ, ಎಡಗಿವಿ ನನ್ನ ಕಡೆ ಇರಲಿ ಅಂತ. ಮುಂದಿನ ತೋರಿಸುವ ದಿನ ಬರುವ ತಿಂಗಳ ಎರಡನೇ ಗುರುವಾರ. ‘ಜೊತೆಗೆ ಯಾರು’ ಕಾಲಂನಲ್ಲಿ ಈ ಸಲ ನನ್ನ ಹೆಸರು ಬರೆದು, ಅರ್ಧ ದಿನದ ರಜೆಗೆ ಅರ್ಜಿ ಕೊಟ್ಟಿದ್ದೇನೆ.