ಪದಕಪಟ್ಟಿಯ ತಳದಿಂದ ಮೇಲೇಳುವುದು ಹೇಗೆ: ಹಿಂದುಳಿದ ಕ್ರೀಡಾ ದೇಶಗಳಿಗೊಂದು ಕಾರ್ಯಸೂಚಿ

ಒಲಿಂಪಿಕ್ಸ್ ಮುಗಿದ ವಾರದಲ್ಲಿ, ಬರಿಗೈಯಲ್ಲಿ ಮರಳಿದ ದೇಶಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ನಮ್ಮವರಿಗೆ ಛಲವಿಲ್ಲ ಎಂಬುದು ಒಂದು, ನಮ್ಮಲ್ಲಿ ಹಣವಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಬಹುಪಾಲು ಸುಳ್ಳು, ಎರಡನೆಯದು ಅರ್ಧ ಸತ್ಯ. ಜನಸಂಖ್ಯೆ ಮತ್ತು ರಾಷ್ಟ್ರೀಯ ವರಮಾನ ಹೆಚ್ಚಿರುವ ದೇಶಗಳು ಹೆಚ್ಚು ಪದಕ ಗೆಲ್ಲುತ್ತವೆ ಎಂಬುದು ನಿಜವೇ ಆದರೂ, 30 ಲಕ್ಷದಷ್ಟೂ ಜನರಿಲ್ಲದ ಜಮೈಕಾ ವೇಗದ ಓಟದಲ್ಲಿ, 50 ಲಕ್ಷವನ್ನು ಸ್ವಲ್ಪವೇ ದಾಟಿದ ನ್ಯೂಜಿಲೆಂಡ್ ರೋಯಿಂಗ್ ಮತ್ತು ಕಯಾಕಿಂಗ್ ಎಂಬ ದೋಣಿ ಸ್ಪರ್ಧೆಗಳಲ್ಲಿ ಈ ಲೆಕ್ಕಾಚಾರವನ್ನು ಮತ್ತೆ ಮತ್ತೆ ಸುಳ್ಳಾಗಿಸಿವೆ. ಸೋಲುವ ದೇಶಕ್ಕೆ ಸಾಮಾನ್ಯವಾಗಿ ಇಲ್ಲದಿರುವುದು ಪ್ರತಿಭೆಯಲ್ಲ. ಒಂದು ಮಗುವನ್ನು ಹತ್ತು ಹನ್ನೆರಡು ವರ್ಷ ಕೈಬಿಡದೆ ನಡೆಸಿಕೊಂಡು ಹೋಗುವ ಏರ್ಪಾಡು. ಅದನ್ನು ಕಟ್ಟುವ ಬಗೆ ಹೇಗೆಂಬುದನ್ನು, ಕ್ರೀಡಾ ಇಲಾಖೆ ಮತ್ತು ಒಕ್ಕೂಟಗಳಲ್ಲಿ ಯೋಜನೆ ರೂಪಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ಸೋರುವ ಜಾಗವನ್ನು ಗುರುತಿಸಿ

ಯಾವುದೇ ಒಂದು ಕ್ರೀಡೆಯನ್ನು ತೆಗೆದುಕೊಂಡು, 12, 16, 20 ಮತ್ತು 24ರ ವಯಸ್ಸಿನಲ್ಲಿ ಎಷ್ಟು ಮಂದಿ ನಿಯಮಿತವಾಗಿ ಸ್ಪರ್ಧಿಸುತ್ತಿದ್ದಾರೆ ಎಂದು ಎಣಿಸಿ. ಕಿರಿಯರ ವಿಶ್ವಕೂಟಗಳಲ್ಲಿ ಪದಕ ಬಂದು ಹಿರಿಯರ ವಿಭಾಗದಲ್ಲಿ ಬಾರದಿದ್ದರೆ, ಓದು ಮತ್ತು ಉದ್ಯೋಗದ ಒತ್ತಡಕ್ಕೆ ಸಿಲುಕಿ 18ರಿಂದ 23ರ ನಡುವೆ ಆಟಗಾರರು ಕಳೆದುಹೋಗುತ್ತಿದ್ದಾರೆ ಎಂದರ್ಥ. ಕಿರಿಯರ ಮಟ್ಟದಲ್ಲೇ ಹೆಸರಿಲ್ಲದಿದ್ದರೆ ತೊಂದರೆ ಶಾಲೆ ಮತ್ತು ಕ್ಲಬ್ಬುಗಳಲ್ಲಿದೆ. ಮೊದಲ ಎಂಟರೊಳಗೆ ಬಂದು ಪದಕ ತಪ್ಪುತ್ತಿದ್ದರೆ ಮಾತ್ರ ಕ್ರೀಡಾ ವಿಜ್ಞಾನ, ಆಹಾರ ತಜ್ಞರು, ವಿದೇಶಿ ಶಿಬಿರ ಮುಂತಾದವುಗಳ ಮೇಲೆ ದೊಡ್ಡ ಮೊತ್ತ ಸುರಿಯುವುದು ಸಾರ್ಥಕ. ಅನೇಕ ದೇಶಗಳು ಈ ಎಣಿಕೆಯನ್ನೇ ಮಾಡದೆ, ಮೂರನೆಯ ರೋಗದ ಔಷಧವನ್ನು ಮೊದಲೆರಡಕ್ಕೂ ಕೊಡುತ್ತಿರುತ್ತವೆ.

ಕಾರಣ ಕೆಲವೊಮ್ಮೆ ಆಟಗಾರರ ಕಾಲ ಕೆಳಗೇ ಇರುತ್ತದೆ. 1928ರಿಂದ 1968ರವರೆಗೆ ಪುರುಷರ ಹಾಕಿಯ ಪ್ರತಿಯೊಂದು ಒಲಿಂಪಿಕ್ ಚಿನ್ನವೂ ಭಾರತಕ್ಕೆ ಇಲ್ಲವೇ ಪಾಕಿಸ್ತಾನಕ್ಕೆ ಸಂದಿತ್ತು. 1976ರ ಮಾಂಟ್ರಿಯಲ್ ಕೂಟದಲ್ಲಿ ಆಟ ಕೃತಕ ಹುಲ್ಲಿನ ಅಂಕಣಕ್ಕೆ ಸ್ಥಳಾಂತರಗೊಂಡಿತು. ಅಂಥ ಅಂಕಣಗಳನ್ನು ಶ್ರೀಮಂತ ದೇಶಗಳು ಊರೂರಿಗೆ ಹಾಸಿಕೊಂಡರೆ, ಈ ಎರಡು ದೇಶಗಳ ಮಕ್ಕಳು ಮಣ್ಣು ಮತ್ತು ಹುಲ್ಲಿನ ಮೇಲೆಯೇ ಕಲಿಯುತ್ತಾ ಉಳಿದರು. 1984ರ ನಂತರ ಇಬ್ಬರಿಗೂ ಹಾಕಿಯ ಚಿನ್ನ ಒಲಿದಿಲ್ಲ. ಛಲ ಕುಂದಿತೆಂದು ದಶಕಗಳ ಕಾಲ ಮರುಗುವುದಕ್ಕಿಂತ, ಹದಿಹರೆಯದವರಿಗೆ ಎಷ್ಟು ಅಂಕಣಗಳು ದೊರೆಯುತ್ತಿವೆ ಎಂದು ಲೆಕ್ಕ ಹಾಕುವುದು ಹೆಚ್ಚು ಉಪಯುಕ್ತವಾಗುತ್ತಿತ್ತು.

ಈ ಹಂತದಲ್ಲಿ ಅಸಾಧಾರಣ ವ್ಯಕ್ತಿಗಳು ನಮ್ಮನ್ನು ದಾರಿ ತಪ್ಪಿಸುತ್ತಾರೆ. 2024ರ ಪ್ಯಾರಿಸ್ ಕೂಟದಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ದೂರಕ್ಕೆ ಜಾವೆಲಿನ್ ಎಸೆದು ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು. ಆ ಕೂಟದಲ್ಲಿ ಅವರ ದೇಶಕ್ಕೆ ದಕ್ಕಿದ್ದು ಅದೊಂದೇ ಪದಕ. ಅಂಥ ಗೆಲುವು ಗೆದ್ದವರ ಸಾಧನೆಯೇ ಹೊರತು ವ್ಯವಸ್ಥೆಗೆ ಸಿಕ್ಕ ಪ್ರಮಾಣಪತ್ರವಲ್ಲ.

ಕೆಲವನ್ನೇ ಆರಿಸಿಕೊಳ್ಳಿ

ಹಣ ಕಡಿಮೆಯಿರುವ ದೇಶ ಮೂವತ್ತು ಕ್ರೀಡೆಗಳಿಗೆ ಸಮನಾಗಿ ಹಂಚಿದರೆ ಯಾವುದಕ್ಕೂ ಸಾಲುವುದಿಲ್ಲ. 1996ರ ಅಟ್ಲಾಂಟಾದಲ್ಲಿ ಒಂದೇ ಚಿನ್ನದೊಂದಿಗೆ 36ನೇ ಸ್ಥಾನಕ್ಕೆ ಕುಸಿದ ಬ್ರಿಟನ್, ರಾಷ್ಟ್ರೀಯ ಲಾಟರಿಯ ಹಣವನ್ನು ಕ್ರೀಡೆಗೆ ತಿರುಗಿಸಿತು; ಕ್ರಮೇಣ ಅದನ್ನು ಪದಕದ ಸಾಧ್ಯತೆ ಕಾಣುವ ಸೈಕ್ಲಿಂಗ್, ರೋಯಿಂಗ್, ಸೇಯ್ಲಿಂಗ್‌ನಂಥ ಕ್ರೀಡೆಗಳ ಮೇಲೆ ಕೇಂದ್ರೀಕರಿಸಿತು. 2008ರಲ್ಲಿ 19 ಚಿನ್ನ ಗೆದ್ದ ಅದು 2016ರ ರಿಯೊದಲ್ಲಿ ಪಟ್ಟಿಯ ಎರಡನೆಯ ಸ್ಥಾನಕ್ಕೇರಿತು. ಶ್ರೀಮಂತ ದೇಶದ ಮಾತಾಯಿತೆಂದು ಅನ್ನಿಸಿದರೆ ಉಜ್ಬೇಕಿಸ್ತಾನವನ್ನು ನೋಡಬಹುದು: ಪ್ಯಾರಿಸ್‌ನಲ್ಲಿ ಅದು ಗೆದ್ದ 8 ಚಿನ್ನಗಳಲ್ಲಿ 5 ಬಾಕ್ಸಿಂಗ್‌ನಿಂದಲೇ ಬಂದವು.

ಆರಿಸುವಾಗ ಮೂರು ಪ್ರಶ್ನೆ ಕೇಳಿ. ಈ ಆಟದಲ್ಲಿ ಜನರಿಗೆ ಈಗಾಗಲೇ ಒಲವಿದೆಯೇ? ಒಬ್ಬ ಆಟಗಾರನನ್ನು ತಯಾರು ಮಾಡುವ ವೆಚ್ಚ ಎಷ್ಟು? ಗೆಲ್ಲಲು ಎಷ್ಟು ಪದಕಗಳಿವೆ? ಪ್ಯಾರಿಸ್‌ನಲ್ಲಿ ಕುಸ್ತಿಗೆ 18 ಚಿನ್ನಗಳಿದ್ದವು, ಹಾಕಿಗೆ ಎರಡೇ. ಆ ಎರಡಕ್ಕೂ ಒಂದೊಂದು ಇಡೀ ತಂಡ ಬೇಕು. ಹಾಗೆಂದು ತಂಡದ ಆಟಗಳನ್ನು ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ, ಏಕೆಂದರೆ ಜನರನ್ನು ಮೈದಾನಕ್ಕೆ ಕರೆತರುವುದು ಅವೇ.

ಮಹಿಳೆಯರ ಕ್ರೀಡೆಯನ್ನು ಈ ಆಯ್ಕೆಯ ಆರಂಭದಲ್ಲಿಯೇ ಪರಿಗಣಿಸಬೇಕು. ಫಿಲಿಪ್ಪೀನ್ಸ್ 1924ರಿಂದ ಒಲಿಂಪಿಕ್ಸ್‌ನಲ್ಲಿ ಪಾಲ್ಗೊಳ್ಳುತ್ತಿದ್ದರೂ ಅದರ ಮೊದಲ ಚಿನ್ನ ದೊರೆತದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ, ವೇಟ್‌ಲಿಫ್ಟರ್ ಹಿಡಿಲಿನ್ ಡಿಯಾಜ್ ಅವರಿಂದ. ಹೆಣ್ಣುಮಕ್ಕಳಿಗೆ ಅವಕಾಶ ಕೊಡದ ದೇಶ ತನ್ನ ಅರ್ಧ ಪ್ರತಿಭೆಯನ್ನು ಸ್ಪರ್ಧೆಗೆ ಮೊದಲೇ ಹೊರಗಿಟ್ಟಂತೆ.

ಬ್ರಿಟನ್ನಿನ ವಿಧಾನದಲ್ಲೂ ಒಂದು ಒಡಕಿದೆ. ರಿಯೊದಲ್ಲಿ ಕಂಚು ಗೆದ್ದ ಬ್ಯಾಡ್ಮಿಂಟನ್‌ಗೆ ಆ ಬಳಿಕ ಉನ್ನತ ಮಟ್ಟದ ಅನುದಾನವೇ ನಿಂತುಹೋಯಿತು. ನನ್ನ ಅಭಿಪ್ರಾಯದಲ್ಲಿ, ಶಿಬಿರ ಮತ್ತು ವಿದೇಶ ಪ್ರವಾಸದ ಹಣವನ್ನು ಹೀಗೆ ಕತ್ತರಿಸಬಹುದು, ಆದರೆ ಮಕ್ಕಳ ಮಟ್ಟದ ಹಣವನ್ನು ಫಲಿತಾಂಶಕ್ಕೆ ಕಟ್ಟಿಹಾಕುವುದು ತಪ್ಪು.

ತರಬೇತುದಾರರ ಮೇಲೆ ಖರ್ಚು ಮಾಡಿ

ಉದ್ಘಾಟನೆಗೆ ಕ್ರೀಡಾಂಗಣ ಚೆನ್ನಾಗಿ ಕಾಣುತ್ತದೆ. ಹತ್ತು ವರ್ಷದ ಮಕ್ಕಳಿಗೆ ಓಡುವುದನ್ನು ಕಲಿಸುವವರ ಸಂಬಳಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಬಹುಶಃ ಇದೇ ಕಾರಣಕ್ಕೆ, ಹಿಂದುಳಿದ ದೇಶಗಳಲ್ಲಿ ಅತ್ಯಂತ ಕಡೆಗಣಿಸಲ್ಪಟ್ಟಿರುವ ಕೊಂಡಿ ತರಬೇತುದಾರರದು. ಐಸ್‌ಲೆಂಡ್ ಇದನ್ನು ತಿರುಗಿಸಿತು. ನಾಲ್ಕು ಲಕ್ಷದಷ್ಟೂ ಜನರಿಲ್ಲದ ಆ ದೇಶ ಚಳಿಗಾಲದಲ್ಲೂ ಆಡಲು ಒಳಾಂಗಣ ಫುಟ್‌ಬಾಲ್ ಮೈದಾನಗಳನ್ನು ಕಟ್ಟಿದ್ದು ಎಲ್ಲರಿಗೂ ಕಾಣಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನೂರಾರು ಮಂದಿಗೆ ಯುರೋಪಿನ ಫುಟ್‌ಬಾಲ್ ಒಕ್ಕೂಟದ ಪರವಾನಗಿ ಕೊಡಿಸಿ, ಚಿಕ್ಕ ಮಕ್ಕಳಿಗೂ ಸಂಬಳದ, ಓದಿಕೊಂಡ ತರಬೇತುದಾರರು ಸಿಗುವಂತೆ ಮಾಡಿದ್ದು. 2016ರ ಯುರೋ ಕೂಟದಲ್ಲಿ ಇಂಗ್ಲೆಂಡನ್ನು 2–1ರಿಂದ ಸೋಲಿಸಿದ ಆ ತಂಡ, 2018ರಲ್ಲಿ, ಅಲ್ಲಿಯವರೆಗೆ ವಿಶ್ವಕಪ್ ತಲುಪಿದವುಗಳಲ್ಲಿ ಜನಸಂಖ್ಯೆಯಲ್ಲಿ ಅತಿ ಚಿಕ್ಕ ದೇಶವೆನಿಸಿತು. ಅಂದಹಾಗೆ, ಆ ವಿಶ್ವಕಪ್‌ನಲ್ಲಿ ತಂಡದ ಮುಖ್ಯ ತರಬೇತುದಾರರಾಗಿದ್ದ ಹೇಮಿರ್ ಹಾಲ್‌ಗ್ರಿಮ್ಸನ್ ವೃತ್ತಿಯಿಂದ ದಂತವೈದ್ಯರು.

ಆದ್ದರಿಂದ ಮೊದಲ ವರ್ಷದಲ್ಲೇ ಹಂತಹಂತದ ಪರವಾನಗಿ ಪರೀಕ್ಷೆಯನ್ನು ಜಾರಿಗೊಳಿಸಿ. ಮಾಜಿ ಆಟಗಾರರಿಗೂ ಅದರಿಂದ ವಿನಾಯಿತಿ ಬೇಡ, ಏಕೆಂದರೆ ಚೆನ್ನಾಗಿ ಆಡುವುದು ಬೇರೆ, ಚೆನ್ನಾಗಿ ಕಲಿಸುವುದು ಬೇರೆ. ವಿದೇಶಿ ತರಬೇತುದಾರರನ್ನು ಕರೆಸುವುದಾದರೆ ಒಪ್ಪಂದದಲ್ಲಿಯೇ ಇಬ್ಬರು ಮೂವರು ಸ್ಥಳೀಯ ಸಹಾಯಕರನ್ನು ತಯಾರು ಮಾಡುವ ಹೊಣೆಯನ್ನು ಬರೆಸಿಕೊಳ್ಳಿ. ಇಲ್ಲದಿದ್ದರೆ ಅವರು ವಿಮಾನ ಹತ್ತಿದ ದಿನ ವಿದ್ಯೆಯೂ ಹೊರಟುಹೋಗುತ್ತದೆ. ಆಟಗಾರರೊಬ್ಬರು ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದಾಗ, ಮೊದಲ ಐದು ವರ್ಷ ಅವರಿಗೆ ಕಲಿಸಿದವರಿಗೂ ಹಣ ಮತ್ತು ಮನ್ನಣೆ ತಲುಪುವ ನಿಯಮವಿರಲಿ. ಈ ನಿಯಮವಿಲ್ಲದ ಕಡೆ ಕೆಳಹಂತದ ತರಬೇತುದಾರರು ಒಳ್ಳೆಯ ಹುಡುಗರನ್ನು ಮೇಲಕ್ಕೆ ಕಳುಹಿಸದೆ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ, ಅದರಲ್ಲಿ ಆಶ್ಚರ್ಯವೂ ಇಲ್ಲ. ಇನ್ನು, ಕಿರಿಯರ ತರಬೇತುದಾರರ ಸಂಬಳವನ್ನು ಪದಕಗಳಿಗೆ ಜೋಡಿಸಲೇಬೇಡಿ. ಹಾಗೆ ಮಾಡಿದರೆ ವಯಸ್ಸು ತಿದ್ದುವುದು, ಅತಿಯಾದ ದಂಡನೆ, ಕೊನೆಗೆ ಉದ್ದೀಪನ ಮದ್ದು ಬೆನ್ನು ಹತ್ತುತ್ತವೆ.

ಮಕ್ಕಳಿಗೆ ಸ್ಪರ್ಧೆ ಕೊಡಿ, ಸೋಸುವುದನ್ನು ತಡಮಾಡಿ

ಜಮೈಕಾದಲ್ಲಿ ‘ಚಾಂಪ್ಸ್’ ಎಂದು ಕರೆಯುವ ಪ್ರೌಢಶಾಲೆಗಳ ಅಥ್ಲೆಟಿಕ್ ಕೂಟ 1910ರಲ್ಲಿ ಆರಂಭವಾಯಿತು. ತುಂಬಿದ ಕ್ರೀಡಾಂಗಣದ ಮುಂದೆ ಓಡಿದ ಹುಡುಗ ಹುಡುಗಿಯರಿಗೆ ಒತ್ತಡವೆಂಬುದು ಹೊಸತಾಗಿ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ನಡೆಯುವ ಜಿಲ್ಲಾ ಕೂಟದಲ್ಲಿ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಗುವ ಮಗುವಿಗೆ ವರ್ಷದಲ್ಲಿ ಸಿಗುವುದು ಒಂದೇ ಸ್ಪರ್ಧೆ. ಅದರ ಬದಲು ಲೀಗ್ ಮಾದರಿಯಲ್ಲಿ ತಿಂಗಳಿಗೆರಡು ಸ್ಪರ್ಧೆ ಸಿಗುವಂತೆ ವೇಳಾಪಟ್ಟಿ ರೂಪಿಸಿ. ಹೊಸ ಕಟ್ಟಡ ಬೇಡುವ ಕೆಲಸವಲ್ಲ ಇದು.

ನಾರ್ವೆ ಇನ್ನೊಂದು ತುದಿಯಿಂದ ಇದೇ ಪಾಠ ಹೇಳುತ್ತದೆ. ಅಲ್ಲಿನ ಮಕ್ಕಳ ಕ್ರೀಡಾ ನಿಯಮಗಳ ಪ್ರಕಾರ 11 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಶ್ರೇಯಾಂಕ ಪಟ್ಟಿ ಪ್ರಕಟಿಸುವಂತಿಲ್ಲ, 13 ತುಂಬುವವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಆದರೂ ಸುಮಾರು 55 ಲಕ್ಷ ಜನರ ಆ ದೇಶ 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನದಲ್ಲಿತ್ತು. ಬೇಗ ಸೋಸಿದರೆ ಉಳಿಯುವುದು ಪ್ರತಿಭೆಯಲ್ಲ, ಬೇಗ ಬೆಳೆದ ದೇಹ. ವಯೋಮಿತಿ ಜನವರಿ 1ರಿಂದ ಲೆಕ್ಕವಾಗುವ ಕಡೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆ ಪಟ್ಟಿಯಲ್ಲಿ ತುಂಬಿಕೊಳ್ಳುತ್ತಾರೆ ಎಂಬುದು ಹಲವು ಕ್ರೀಡೆಗಳಲ್ಲಿ ಕಂಡಿರುವ ಸಂಗತಿ. ನಿಮ್ಮ 14 ವರ್ಷದೊಳಗಿನವರ ತಂಡದ ಜನ್ಮದಿನಾಂಕಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಿ.

ಕಚೇರಿಯನ್ನು ಸರಿಪಡಿಸಿ

2014ರ ಫುಟ್‌ಬಾಲ್ ವಿಶ್ವಕಪ್ ನಡುವೆ ಆಟಗಾರರ ಬಾಕಿ ಭತ್ಯೆ ತೀರಿಸಲು ಘಾನಾ ಸರ್ಕಾರ 30 ಲಕ್ಷ ಡಾಲರಿಗೂ ಹೆಚ್ಚು ನಗದನ್ನು ವಿಮಾನದಲ್ಲಿ ಬ್ರೆಜಿಲ್‌ಗೆ ಕಳುಹಿಸಬೇಕಾಯಿತು. ತಂಡ ಗುಂಪು ಹಂತದಲ್ಲೇ ಹೊರಬಿತ್ತು. ಸರ್ಕಾರದ ಹಸ್ತಕ್ಷೇಪದ ಕಾರಣಕ್ಕೆ ಕುವೈತ್‌ನ ಒಲಿಂಪಿಕ್ ಸಮಿತಿ ಅಮಾನತಾಗಿದ್ದರಿಂದ, 2016ರಲ್ಲಿ ಶೂಟಿಂಗ್ ಚಿನ್ನ ಗೆದ್ದ ಫೆಹೈದ್ ಅಲ್ ದೀಹಾನಿ ತಮ್ಮ ದೇಶದ ಧ್ವಜವಿಲ್ಲದೆ ವಿಜಯವೇದಿಕೆಯಲ್ಲಿ ನಿಂತರು. ಆಟಗಾರರು ಮಾಡಬೇಕಾದದ್ದನ್ನೆಲ್ಲ ಮಾಡಿದ ಮೇಲೂ ಕಚೇರಿ ಹೀಗೆ ಕೆಡಿಸಬಲ್ಲದು.

ಇದಕ್ಕೆ ಬೇಕಾದ ಕ್ರಮಗಳು ಸರಳ, ಜಾರಿ ಮಾತ್ರ ಕಠಿಣ. ಆಯ್ಕೆಯ ಮಾನದಂಡ ಮತ್ತು ದಿನಾಂಕವನ್ನು ಒಂದು ವರ್ಷ ಮೊದಲೇ ಲಿಖಿತವಾಗಿ ಪ್ರಕಟಿಸಬೇಕು. ಆಯ್ಕೆ ಸಮಿತಿಯಲ್ಲಿರುವವರ ಸಂಬಂಧಿಕರು ಅಥವಾ ಶಿಷ್ಯರು ಕಣದಲ್ಲಿದ್ದರೆ ಆ ಸದಸ್ಯರು ಹೊರಗುಳಿಯಬೇಕು. ಆಟಗಾರರ ಮಾಸಿಕ ಭತ್ಯೆ ಅಧಿಕಾರಿಗಳ ಕೈ ಹಾಯದೆ ನೇರವಾಗಿ ಖಾತೆಗೆ ಜಮೆಯಾಗಬೇಕು, ಮತ್ತು ಗಾಯಗೊಂಡ ತಿಂಗಳಲ್ಲೂ ನಿಲ್ಲಬಾರದು. ಪದಾಧಿಕಾರಿಗಳಿಗೆ ಅವಧಿಯ ಮಿತಿಯಿರಬೇಕು, ದೂರು ಕೇಳಲು ಒಕ್ಕೂಟಕ್ಕೆ ಸೇರದ ಸ್ವತಂತ್ರ ಸಮಿತಿಯಿರಬೇಕು. ಕಿರುಕುಳದ ದೂರುಗಳನ್ನಂತೂ ಒಕ್ಕೂಟವೇ ವಿಚಾರಿಸುವುದು ಸಲ್ಲದು.

ಅಡ್ಡದಾರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರ್ಕಾರವೇ ಮದ್ದು ಕೊಡಿಸಿದ ಪೂರ್ವ ಜರ್ಮನಿಯ ಅನೇಕ ಕ್ರೀಡಾಪಟುಗಳು ಅದರ ಬೆಲೆಯನ್ನು ತಮ್ಮ ಆರೋಗ್ಯದಿಂದ ತೆತ್ತರು. 2022ರ ವಿಶ್ವಕಪ್‌ಗಾಗಿ ಭವ್ಯ ಕ್ರೀಡಾಂಗಣಗಳನ್ನು ಕಟ್ಟಿದ ಆತಿಥೇಯ ಕತಾರ್, ಗುಂಪಿನ ಮೂರೂ ಪಂದ್ಯಗಳನ್ನು ಸೋತಿತು.

ಎಷ್ಟು ಕಾಲ ಕಾಯಬೇಕು?

1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಿಂದ ಒಂದೂ ಚಿನ್ನವಿಲ್ಲದೆ ಮರಳಿದ ನಾರ್ವೆಗೆ, 1994ರಲ್ಲಿ ತನ್ನ ನೆಲದಲ್ಲೇ 10 ಚಿನ್ನ ಗೆಲ್ಲಲು ಆರು ವರ್ಷ ಸಾಕಾಯಿತು. ಕ್ಲಬ್ಬುಗಳ ಬುನಾದಿ ಅಲ್ಲಿ ಮೊದಲೇ ಇತ್ತು. 1976ರ ಮಾಂಟ್ರಿಯಲ್ ಕೂಟದಲ್ಲಿ ಇದೇ ಅವಮಾನ ಅನುಭವಿಸಿದ ಆಸ್ಟ್ರೇಲಿಯಾ 1981ರಲ್ಲಿ ಕ್ಯಾನ್‌ಬೆರಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತೆರೆಯಿತು. 58 ಪದಕಗಳ ಸಿಡ್ನಿ ಕೂಟ ಬಂದದ್ದು 2000ದಲ್ಲಿ. ಬುನಾದಿಯೇ ಇಲ್ಲದ ದೇಶ ಎರಡು ಅಥವಾ ಮೂರು ಒಲಿಂಪಿಕ್ ಅವಧಿಗಳನ್ನು ಲೆಕ್ಕಕ್ಕಿಟ್ಟುಕೊಳ್ಳುವುದು ಒಳಿತು. ಅಷ್ಟು ದೀರ್ಘ ಯೋಜನೆ ಸರ್ಕಾರ ಬದಲಾದಾಗ ಅರ್ಧಕ್ಕೆ ನಿಲ್ಲದಿರಬೇಕಾದರೆ, ಅನುದಾನವನ್ನು ಕನಿಷ್ಠ ಎಂಟು ವರ್ಷಕ್ಕೆ ಕಾನೂನಿನ ಮೂಲಕ ನಿಗದಿಪಡಿಸಿ, ಆ ಅವಧಿಯಲ್ಲಿ ಪ್ರತಿ ವರ್ಷ ಪದಕಗಳ ಬದಲು ಮೂರು ಸಂಖ್ಯೆಗಳನ್ನು ಪ್ರಕಟಿಸಿ: ಪರವಾನಗಿ ಪಡೆದ ತರಬೇತುದಾರರೆಷ್ಟು, ವಿಶ್ವದ ಮೊದಲ ಹದಿನಾರರೊಳಗೆ ಬಂದವರೆಷ್ಟು, 16ರಿಂದ 20ರ ನಡುವೆ ಆಟ ಬಿಟ್ಟವರೆಷ್ಟು.