ಎಣ್ಣೆ ಸವರಿದ ಕತ್ತಿಗೆ ಎಷ್ಟು ಪೆಟ್ಟು?

ಶನಿವಾರ ರಾತ್ರಿ ಮಂಗಳೂರಿನ ಬಿಜೈಯ ನಮ್ಮ ಜಗಲಿಯಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕತೆ ಕಟ್ಟುವ ಆಟ; ಕತೆ ನಡೆಸುವವ ನಾನು. ಆಟದ ಐದನೇ ಆವೃತ್ತಿಯಲ್ಲಿ ಫ್ಲೇಮ್ ಟಂಗ್ ಎಂಬ ಮಾಯಾಖಡ್ಗ ಉಂಟು. ಹೊತ್ತಿಕೊಂಡರೆ ತಗುಲಿದ ಪ್ರತಿ ಏಟಿಗೂ ಆರು ಮುಖದ 2 ದಾಳ ಉರುಳಿಸಿ ಬಂದಷ್ಟು ಬೆಂಕಿಯ ಪೆಟ್ಟು ಹೆಚ್ಚುವರಿ. ಅದಕ್ಕೆ ನನ್ನ ತಕರಾರಿಲ್ಲ, ಮಾಯೆಯ ಹತ್ತಿರ ಲೆಕ್ಕ ಕೇಳಬಾರದು. ಆದರೆ ಗೆಳೆಯನೊಬ್ಬ ಆಟದಲ್ಲಿ ಮಾಮೂಲಿ ಖಡ್ಗಕ್ಕೆ ಎಣ್ಣೆ ಸವರಿ ಕಿಚ್ಚಿಟ್ಟು, "ನನಗೂ ಅಷ್ಟೇ ಕೊಡು ಮಾರಾಯ" ಎಂದ.

ನಿಜಕ್ಕೂ ಎಷ್ಟು ಸುಡುತ್ತದೆ ನೋಡಲು ಮರುದಿನ ಬಕೆಟ್ ನೀರು ಪಕ್ಕಕ್ಕಿಟ್ಟುಕೊಂಡು ಅಂಗಳಕ್ಕಿಳಿದೆ. ಕಬ್ಬಿಣದ ಸರಳಿಗೆ ಬರೀ ತೆಂಗಿನೆಣ್ಣೆ ಸವರಿ ಕಡ್ಡಿ ಗೀರಿದರೆ ಹೊತ್ತಲೇ ಇಲ್ಲ. ತಣ್ಣನೆಯ ಕಬ್ಬಿಣ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಹಳೆ ಪಂಚೆ ಸುತ್ತಿ ಎಣ್ಣೆಯಲ್ಲಿ ನೆನೆಸಿದ ಮೇಲೆ ಉರಿಯಿತು. ಜೋರಾಗಿ ಬೀಸಿದೆ, ಜ್ವಾಲೆ ಹಿಂದಕ್ಕೆ ಮಲಗಿತು. ಎರಡನೇ ಬೀಸಿಗೆ ಆರಿಯೇ ಹೋಯಿತು. ನೆಟ್ಟಗೆ ಹಿಡಿದರೆ ಉರಿಯುವ ಎಣ್ಣೆ ನನ್ನ ಕೈಯತ್ತಲೇ ಇಳಿಯಿತು. ಚರ್ಮದ ಗ್ಲೌಸ್ ಇದ್ದದ್ದಕ್ಕೆ ಬಚಾವ್. ಬಾಳೆದಿಂಡಿಗೆ ಹೊಡೆದರೆ ಮಸಿಯ ಗೆರೆ ಮಾತ್ರ. ಒಣ ಅಡಿಕೆ ಹಾಳೆ ಕೂಡ ಏಟಿಗೆ ಹತ್ತಲಿಲ್ಲ, ಒತ್ತಿ ಹಿಡಿದ ಮೇಲೆ ಹತ್ತಿತು. ಏಟು ಸೋಕುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಸುಡಲು ಅಷ್ಟು ಸಾಲದು.

ಹಾಗಾದರೆ ಅಲಗನ್ನೇ ಕಾಯಿಸಿದರೆ? ಅಮ್ಮನ ಹಳೆ ಕತ್ತಿಯನ್ನು ಉಜ್ಜಿ ಬೆಳಗಿಸಿ ಗೆರಟೆಯ ಕೆಂಡದಲ್ಲಿಟ್ಟೆ. ಮೊದಲು ಹುಲ್ಲಿನ ಹಳದಿ, ಆಮೇಲೆ ನೇರಳೆ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಬರುವ ನೀಲಿ. ನೋಡಲು ಚಂದ. ನಾನು ಅಲ್ಲಿಗೂ ನಿಲ್ಲಿಸಲಿಲ್ಲ, ಕೆಂಪಾಗುವವರೆಗೆ ಬಿಟ್ಟೆ. ತಣಿದ ಮೇಲೆ ಒಂದು ಎಳನೀರು ಕೆತ್ತುವಷ್ಟರಲ್ಲಿ ಬಾಯಿ ಮಡಚಿತ್ತು. ಕುಲುಮೆಯ ಆಚಾರಿ ತಿರುಗಿಸಿ ನೋಡಿ, "ಹದ ಹೋಯ್ತಲ್ಲ, ಇದನ್ನು ಒಲೆಗೆ ಹಾಕಿದ್ದು ಯಾರು?" ಎಂದರು. ಅಮ್ಮ ಕೇಳಿದ ಪ್ರಶ್ನೆಯನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹಾಗಂತ ಬೆಂಕಿಗೆ ಸೊನ್ನೆ ಕೊಡಲೂ ಮನಸ್ಸಾಗಲಿಲ್ಲ. ಕಾರಣ, ಕಟೀಲಿನ ತೂಟೆದಾರ. ಏಪ್ರಿಲ್‌ನ ಜಾತ್ರೆಯಲ್ಲಿ ಅತ್ತೂರು, ಕೊಡೆತ್ತೂರು ಗ್ರಾಮದವರು ಬರಿಮೈಯಲ್ಲಿ ನಿಂತು ತೂಟೆ ಎಂಬ ಉರಿಯುವ ಗರಿಯ ಸೂಡಿಗಳನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಅದು ದೇವಿಯ ಸೇವೆ, ಆಟಕ್ಕೆ ಹೋಲಿಸಲು ನನಗೇ ಮುಜುಗರ. ಆದರೂ ಅಲ್ಲಿ ಕಂಡದ್ದು ಮರೆಯಲಾಗದು: ತೂಟೆ ಬಡಿಸಿಕೊಂಡವ ನಿಂತೇ ಇದ್ದ, ದೂರದಲ್ಲಿದ್ದ ನಾನು ಹಿಂದೆ ಸರಿದಿದ್ದೆ.

ಕೊನೆಗೆ ನಮ್ಮ ಮನೆಯ ನಿಯಮ ಹೀಗಾಯಿತು. ಎಣ್ಣೆಬಟ್ಟೆ ಸುತ್ತಿದ ಖಡ್ಗಕ್ಕೆ ಹೆಚ್ಚುವರಿ ಪೆಟ್ಟಿಲ್ಲ, ಬಟ್ಟೆ ಸುತ್ತಿದ್ದರಿಂದ ಬಾಯಿಯೂ ಮೊಂಡು. ಪ್ರತಿ ಬೀಸಿಗೆ ಒಂದು ದಾಳ, 1 ರಿಂದ 3 ಬಿದ್ದರೆ ಬೆಂಕಿ ನಂದಿತು. ಮೃಗಗಳು ಮಾತ್ರ ಹೆದರಿ ಹಿಮ್ಮೆಟ್ಟಬಹುದು. ಮತ್ತೆ, ಕತ್ತಲಲ್ಲಿ ಅದನ್ನು ಹಿಡಿದವನಿಗೆ ಜ್ವಾಲೆಯಾಚೆ ಏನೂ ಕಾಣದು, ಅವನು ಎಲ್ಲರಿಗೂ ಕಾಣುತ್ತಾನೆ.

ಗೆಳೆಯ ಗೊಣಗಿದ. ಮುಂದಿನ ಶನಿವಾರ ಕಾಡಿನಲ್ಲಿ ತೋಳಗಳು ಸುತ್ತುವರಿದಾಗ ಅವನೇ ಮೊದಲು ಪಂಚೆ ಹರಿದ. ತೋಳಗಳು ಓಡಿದವು. ಗುಡ್ಡದ ಮೇಲೆ ಕಾದಿದ್ದ ಬಿಲ್ಲುಗಾರರಿಗೆ ಗುರಿ ಸಿಕ್ಕಿತು.